ರಾಗಿ ಬೀಸಿದ ದೇವರ ಸೀಮೆಯಲ್ಲಿ ಅಡುಗೆಯ ಬೇಸರ

'ರಾಗಿ ತಿಂದವ ನಿರೋಗಿ' ಎಂಬ ಗಾದೆ ಈಗ ಹಿಟ್ಟಿನ ಪೊಟ್ಟಣಗಳ ಮೇಲೂ ಅಚ್ಚಾಗುತ್ತದೆ. ಗಾದೆ ತಿಂದವನ ಬಗ್ಗೆ ಹೇಳಿ ಸುಮ್ಮನಾಗುತ್ತದೆ. ಬೀಸಿದವರು ಯಾರು, ಎಸರಿಟ್ಟವರು ಯಾರು, ಹೊಗೆಯಲ್ಲಿ ಕೂತು ತೊಳಸಿದವರು ಯಾರು, ಅವರಿಗೆ ಆ ಕೆಲಸ ಇಷ್ಟವಿತ್ತೇ ಎಂಬುದು ಗಾದೆಗೆ ಬೇಕಿಲ್ಲ. ನಮ್ಮ ಆಹಾರ ಚರಿತ್ರೆಯೂ ಬಹುಮಟ್ಟಿಗೆ ಹೀಗೇ ಇದೆ. ಯಾವ ಕಾಲದಲ್ಲಿ ಏನು ತಿಂದರು ಎಂದು ಅದು ಹೇಳುತ್ತದೆ. ಒಲ್ಲದ ಮನಸ್ಸಿನಿಂದ ದಿನಕ್ಕೆ ಎರಡು ಹೊತ್ತು ಒಲೆ ಹೊತ್ತಿಸಿ, ಆದರೂ ಮನೆಮಂದಿಯ ಮೈಗೆ ಹಿಡಿಸುವಂಥ ಊಟ ಬಡಿಸಿದವರ ಚರಿತ್ರೆ ಅದರಲ್ಲಿ ಇಲ್ಲ.

ಅಡುಗೆ ಎಂದರೆ ಬೇಸರ ಎಂದು ಇಂದು ಯಾರಾದರೂ ಹೇಳಿದರೆ ಅದನ್ನು ಈ ಕಾಲದ ಕಾಯಿಲೆ ಎಂಬಂತೆ ನೋಡುತ್ತಾರೆ. ಓದಿದ ಹುಡುಗಿಯರ ಸೋಮಾರಿತನ, ಪೇಟೆಯ ಗಾಳಿ, ಹಿಂದಿನವರು ಹೀಗಿರಲಿಲ್ಲ ಎಂಬ ಮಾತುಗಳು ಸಿದ್ಧವಾಗಿರುತ್ತವೆ. ಹಿಂದಿನವರು ಹೇಗಿದ್ದರು ಎಂಬುದನ್ನು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನು ಇಟ್ಟುಕೊಂಡು ನೋಡುವುದು ಈ ಬರಹದ ಉದ್ದೇಶ. ನನ್ನ ವಾದ ಸರಳವಾದದ್ದು. ಈ ಸೀಮೆಯ ಒಳ್ಳೆಯ ಊಟವನ್ನು ರೂಪಿಸಿದ್ದು ಅಡುಗೆಯ ಮೇಲಿನ ಪ್ರೀತಿಯಲ್ಲ. ಅಡುಗೆಗೆ ಹೊತ್ತಿಲ್ಲದವರು, ಸೌದೆಯಿಲ್ಲದವರು, ಹೊಲದಿಂದ ದಣಿದು ಬಂದವರು ಅದನ್ನು ರೂಪಿಸಿದರು.

ಮೊದಲು ಸೀಮೆಯ ಬಗ್ಗೆ ಎರಡು ಮಾತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಬ್ರಿಟಿಷರ ಕೈಗೆ ಹೋಗಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆದಾಗ ಇವೆಲ್ಲ ಅದರೊಳಗೆ ಬಂದವು. ಕೊಳ್ಳೇಗಾಲದ ಭಾಗವಾಗಿದ್ದ ಹನೂರು ತಾಲ್ಲೂಕಾದದ್ದು ತೀರಾ ಈಚೆಗೆ. ಸುಮಾರು ನೂರೈವತ್ತು ವರ್ಷ ಈ ಜನ ಬೇರೆ ಬೇರೆ ಕಚೇರಿಗಳಿಗೆ ಕಂದಾಯ ಕಟ್ಟಿದರೂ ತಟ್ಟೆಯಲ್ಲಿ ಇದ್ದದ್ದು ಒಂದೇ: ಹಿಟ್ಟು ಮತ್ತು ಎಸರು. ಬೇರೆ ಕಡೆಯವರು ಮುದ್ದೆ ಎನ್ನುವುದನ್ನು ಇಲ್ಲಿ ಹಿಟ್ಟು ಎನ್ನುತ್ತಾರೆ. ಸುವರ್ಣಾವತಿಯ ನೀರು ಹಾಯುವ ಯಳಂದೂರಿನ ಕಡೆ ಬತ್ತವೂ ಉಂಟು. ಹನೂರಿನ ಕಡೆಗೆ ಹೋದಷ್ಟೂ ಬೆದ್ದಲು ಹೆಚ್ಚು, ರಾಗಿಯೇ ಗತಿ.

ಕನ್ನಡದಲ್ಲಿ ಅಡುಗೆಯ ಬಗ್ಗೆ ಬರೆದವರು ಯಾರು ಎಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ತನ್ನ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರಕ್ಕೆ ಜಾಗ ಕೊಟ್ಟ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸ ಅದಕ್ಕಾಗಿಯೇ 'ಸೂಪಶಾಸ್ತ್ರ' ಎಂಬ ಕೃತಿ ಬರೆದ. ಇಬ್ಬರೂ ಗಂಡಸರು, ಇಬ್ಬರೂ ಸಿರಿವಂತಿಕೆಯ ನೆರಳಲ್ಲಿದ್ದವರು. ಭಕ್ಷ್ಯ, ಪಾನಕ, ಬಗೆಬಗೆಯ ಅನ್ನ, ಬಗೆಬಗೆಯ ಪಲ್ಯಗಳ ಆ ಲೋಕದಲ್ಲಿ ಅಡುಗೆ ಒಂದು ರಸಿಕತೆ. ರಾಗಿಗೂ ಅಕ್ಕಿಗೂ ಜಗಳ ಹಚ್ಚಿ ಕೊನೆಗೆ ರಾಗಿಯನ್ನು ಗೆಲ್ಲಿಸಿದ ಕನಕದಾಸರ 'ರಾಮಧಾನ್ಯ ಚರಿತ್ರೆ' ಬಡವರ ಧಾನ್ಯದ ಮಾನ ಕಾದದ್ದು ನಿಜ. ಆದರೆ ಅಲ್ಲೂ ಮಾತಾಡುವುದು ಧಾನ್ಯಗಳು. ಅವನ್ನು ಕುಟ್ಟಿ ಬೀಸುವ ಕೈಗಳು ಮಾತಾಡುವುದಿಲ್ಲ. ದಿನದಿನದ ಅಡುಗೆ ಮಾಡಲೇಬೇಕಾದವರಿಗೆ ಅದರ ಬಗ್ಗೆ ಬರೆಯುವ ಬಿಡುವು ಇರಲಿಲ್ಲ. ಬರೆಯುವ ಬಿಡುವಿದ್ದವರಿಗೆ ದಿನದಿನ ಮಾಡುವ ಹಂಗಿರಲಿಲ್ಲ.

ಈ ಮಾತಿಗೆ ಹತ್ತಿರದ ಅಪವಾದವೊಂದು ಇದೇ ಸೀಮೆಯಲ್ಲಿದೆ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿದ್ದ ಸಂಚಿ ಹೊನ್ನಮ್ಮ ಯಳಂದೂರಿನವಳೆಂದು ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಎಲೆ ಅಡಿಕೆಯ ಸಂಚಿ ಹಿಡಿಯುವುದು ಅವಳ ಊಳಿಗ. ಸಿಂಗರಾರ್ಯ ಅವಳ ಗುರು. ಸಾಂಗತ್ಯದಲ್ಲಿ ಅವಳು ಬರೆದ 'ಹದಿಬದೆಯ ಧರ್ಮ' ಗೃಹಿಣಿಯ ಕರ್ತವ್ಯಗಳನ್ನು ಹೇಳುವ ಕೃತಿ. ಇಂದಿನ ಓದುಗರಿಗೆ ಅದು ಸುಲಭವಾಗಿ ಒಗ್ಗುವುದಿಲ್ಲ. ಗಂಡನ ಸೇವೆಯೇ ಧರ್ಮ ಎಂಬ ಚೌಕಟ್ಟು ಅದರದು. ಆದರೆ ಅದೇ ಚೌಕಟ್ಟಿನೊಳಗೆ, ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಅವಳು ನೇರವಾಗಿ ಪ್ರಶ್ನಿಸುತ್ತಾಳೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬರೆದವಳ ಬದುಕು. ಮನೆವಾರ್ತೆಯ ಧರ್ಮವನ್ನು ಪದ್ಯವಾಗಿ ಕಟ್ಟಿದವಳು ತಾನು ಮನೆಯ ಹೊರಗೆ ದುಡಿಯುತ್ತಿದ್ದಳು. ಅವಳ ಹೆಸರಿಗೆ ಅಂಟಿಕೊಂಡದ್ದು ಸೌಟಲ್ಲ, ಸಂಚಿ. ಊಳಿಗವಿದ್ದುದರಿಂದ ಅವಳಿಗೆ ಅಕ್ಷರ ಸಿಕ್ಕಿತು, ಗುರು ಸಿಕ್ಕಿದ, ಓದುವ ಕೇಳುವ ಸಭೆ ಸಿಕ್ಕಿತು. ಅವಳ ಕೃತಿಯಲ್ಲಿ ಕರ್ತವ್ಯಕ್ಕೆ ಪದಗಳಿವೆ, ಬೇಸರಕ್ಕೆ ಇಲ್ಲ. ಕರ್ತವ್ಯ ಎಂದು ಕರೆದ ಮೇಲೆ ಬೇಸರ ಹೇಳಿಕೊಳ್ಳುವ ಬಾಗಿಲು ಮುಚ್ಚಿದಂತೆಯೇ ಸರಿ.

ಅಕ್ಷರದ ಹೊರಗೆ ಆ ಬಾಗಿಲು ಅಷ್ಟು ಬಿಗಿಯಾಗಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ ಪದಗಳಲ್ಲಿ ತವರಿನ ನೆನಪಿದೆ, ಅಣ್ಣ ಬರಲಿಲ್ಲವೆಂಬ ಕೊರಗಿದೆ, ಅತ್ತೆ ನಾದಿನಿಯರ ಮೇಲಿನ ಮುನಿಸಿದೆ. ಈ ಪದಗಳನ್ನು ಜಾನಪದದ ಸಂಪತ್ತೆಂದು ಸಂಗ್ರಹಿಸಿದೆವು, ಸರಿಯೇ. ಆದರೆ ಅವು ಹುಟ್ಟಿದ ಹೊತ್ತು ಯಾವುದು? ಕೋಳಿ ಕೂಗುವ ಮೊದಲು, ಮನೆಯ ಮಿಕ್ಕವರೆಲ್ಲ ಮಲಗಿರುವಾಗ, ಅಂದಿನ ಹಿಟ್ಟಿಗೆ ಅಂದೇ ರಾಗಿ ಬೀಸಬೇಕಾದ ಹೊತ್ತು. ಕಲ್ಲಿನ ಗೂಟ ಹಿಡಿದು ಸುತ್ತಿದಷ್ಟೂ ತೋಳು ಸೋಲುತ್ತದೆ, ನಿದ್ದೆ ಎಳೆಯುತ್ತದೆ. ಹಾಡು ಆ ದಣಿವಿಗೆ ಕಟ್ಟಿದ ಊರೆಗೋಲು. ಗಿರಣಿ ಬಂದ ಊರಲ್ಲಿ ಬೀಸುವ ಪದ ನಿಂತಿತು ಎಂದು ನಾವು ಹಲುಬುತ್ತೇವೆ. ಹಾಡಿದವರಿಗೆ ಆ ಕೆಲಸ ಅಷ್ಟು ಪ್ರಿಯವಾಗಿದ್ದರೆ ಗಿರಣಿ ಬಂದ ಮೇಲೂ ಕಲ್ಲು ತಿರುಗಬೇಕಿತ್ತು. ಹೆಂಗಸರು ರಾಗಿಯ ಮೂಟೆ ಹೊತ್ತು ಮೈಲಿ ದೂರದ ಗಿರಣಿಗೆ ನಡೆದರು. ಅಡುಗೆಮನೆಯ ಕೆಲಸದ ಬಗ್ಗೆ ಅವರ ಅಭಿಪ್ರಾಯವೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಕಿಲ್ಲ.

ಈ ಸೀಮೆಯ ದೊಡ್ಡ ದೇವರು ಮಲೆ ಮಾದಪ್ಪ. ಅವನ ಕತೆಯನ್ನು ಕಂಸಾಳೆಯ ದೇವರಗುಡ್ಡರು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ, ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರು ಅದನ್ನು ಅಚ್ಚಿಗೆ ತಂದಿದ್ದಾರೆ. ಉತ್ತರಾಜಮ್ಮನ ಮಗ ಮಾದೇಶ್ವರ ಏಳುಮಲೆಗೆ ಬರುವ ಮೊದಲು ಸುತ್ತೂರು ಮಠದಲ್ಲಿ ರಾಗಿ ಬೀಸುವ ಕೆಲಸಕ್ಕಿದ್ದ ಎಂಬುದು ಪರಂಪರೆಯ ನಂಬಿಕೆ. ಮಠದಲ್ಲಿ ದಿನವೂ ನೂರಾರು ಜನಕ್ಕೆ ಊಟ, ಊಟಕ್ಕೆ ಹಿಟ್ಟು, ಹಿಟ್ಟಿಗೆ ಬೀಸುವವರು ಬೇಕು. ಜಗತ್ತಿನ ಎಷ್ಟು ದೇವರುಗಳ ಕತೆಯಲ್ಲಿ ಇಂಥ ಕೆಲಸ ಬಂದೀತು? ಬೀಸುವ ಕಲ್ಲಿನ ಮುಂದೆ ಕೂತ ಗಂಡುದೇವರನ್ನು ಕಲ್ಪಿಸಿಕೊಂಡ ಜನ ಆ ಕೆಲಸದ ಕಷ್ಟ ಬಲ್ಲವರೇ ಆಗಿರಬೇಕು. ಆದರೆ ದೇವರು ಬೀಸಿದರೆ ಅದು ಪವಾಡದ ಪೀಠಿಕೆ, ಹೆಂಗಸು ಬೀಸಿದರೆ ಅದು ಬೆಳಗು. ಅದೇ ಕಾವ್ಯದಲ್ಲಿ ಸಂಕಮ್ಮನ ಸಾಲು ಇದೆ. ಜೇನಿಗೆ ಹೊರಟ ಸೋಲಿಗ ಗಂಡ ಪಾತಿವ್ರತ್ಯದ ಭಾಷೆ ಕೊಡು ಎಂದಾಗ ಸಂಕಮ್ಮ ಒಲ್ಲೆ ಎನ್ನುತ್ತಾಳೆ. ಗಂಡ ಹಿಂಸಿಸಿದರೂ ಬಗ್ಗುವುದಿಲ್ಲ. ಮಾದಪ್ಪ ನಿಲ್ಲುವುದು ಅವಳ ಕಡೆಗೆ. ಹೆಣ್ಣಿನ 'ಒಲ್ಲೆ'ಗೆ ಇಷ್ಟು ಜಾಗ ಕೊಟ್ಟ ಸೀಮೆಯಲ್ಲೂ ಒಲೆಯ ಮುಂದಿನ 'ಒಲ್ಲೆ'ಗೆ ಒಂದು ಸಾಲು ಹುಟ್ಟಲಿಲ್ಲ.

ಇನ್ನೊಂದು ವಿಚಿತ್ರವೂ ಇಲ್ಲಿಯದೇ. ಕೊಳ್ಳೇಗಾಲಕ್ಕೂ ಮಳವಳ್ಳಿಗೂ ನಡುವೆ ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ತಯಾರಾಯಿತು. ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದವು. ಚಿನ್ನದ ಅದಿರನ್ನು ಪುಡಿ ಮಾಡಲು ವಿದ್ಯುತ್ತು ಇತ್ತು. ಜಲಪಾತದ ಸದ್ದು ಕೇಳುವ ಊರುಗಳಲ್ಲಿ ರಾಗಿ ಪುಡಿ ಮಾಡಲು ಮಾತ್ರ ಹೆಂಗಸರ ತೋಳೇ ಮುಂದುವರಿಯಿತು. ಗಿರಣಿ ಎಲ್ಲ ಕಡೆ ಬರಲು ಮತ್ತೆ ದಶಕಗಳು ಬೇಕಾದವು. ಯಂತ್ರ ಎಲ್ಲಿಗೆ ಮೊದಲು ಬರುತ್ತದೆ ಎಂಬುದು ಯಾರ ದಣಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂಬುದರ ಮೇಲೆ ನಿಂತಿರುತ್ತದೆ.

ಇಷ್ಟೆಲ್ಲ ಹೊತ್ತು ಬೀಸುವುದಕ್ಕೇ ಹೋದರೆ, ನೀರು ಸೌದೆ ತರುವುದಕ್ಕೆ, ಹೊಲದ ಕಳೆಗೆ, ದನಕರುಗಳಿಗೆ ಇನ್ನಷ್ಟು ಹೋದರೆ, ಬೇಯಿಸುವುದಕ್ಕೆ ಉಳಿಯುವುದು ಎಷ್ಟು? ಈ ಪ್ರಶ್ನೆಗೆ ಸೀಮೆ ಕೊಟ್ಟ ಉತ್ತರ ಉಪ್ಸಾರು.

ಉಪ್ಸಾರಿನ ವಿಧಾನ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಾಳು ಮತ್ತು ಸೊಪ್ಪನ್ನು ಉಪ್ಪು ಹಾಕಿ ಒಟ್ಟಿಗೆ ಬೇಯಿಸುವುದು. ಅವರೆ, ಅಲಸಂದೆ, ಹುರುಳಿ, ಹೆಸರು, ಯಾವುದಾದರೂ ಸರಿ. ಬೆಂದ ನೀರನ್ನು ಬಸಿದರೆ ಅದೇ ಎಸರು. ಉಳಿದ ಸೊಪ್ಪು ಕಾಳೇ ಪಲ್ಯ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು ಅರೆದ ಖಾರವನ್ನು ಬೇರೆ ಇಟ್ಟುಕೊಂಡು, ಉಣ್ಣುವಾಗ ತಮಗೆ ಬೇಕಾದಷ್ಟು ಎಸರಿಗೆ ಕಲಸಿಕೊಳ್ಳುವುದು. ಒಮ್ಮೆ ಅರೆದ ಖಾರ ಕೆಲವು ದಿನ ಬರುತ್ತದೆ. ಮಕ್ಕಳಿಗೆ ಸಪ್ಪೆ, ದೊಡ್ಡವರಿಗೆ ಖಾರ ಎಂದು ಎರಡು ಅಡುಗೆ ಬೇಡ. ಒಗ್ಗರಣೆ ಎಸರಿಗೆ ಬೇಕೇ ಇಲ್ಲ. ಒಂದೇ ಒಲೆ, ಒಂದೇ ಮಡಕೆ, ಎರಡು ಪದಾರ್ಥ. ಅದೇ ಒಲೆಯ ಮೇಲೆ ಆಮೇಲೆ ಹಿಟ್ಟಿನ ಎಸರು.

ಇಂದಿನ ಪೋಷಣೆಯ ಲೆಕ್ಕದಲ್ಲಿ ನೋಡಿದರೂ ಇದರಲ್ಲಿ ಕಳೆಯುವಂಥದ್ದು ಹೆಚ್ಚಿಲ್ಲ. ಸೊಪ್ಪು ಬೆಂದ ನೀರಿಗೆ ಇಳಿಯುವ ಜೀವಸತ್ವ, ಲವಣಗಳು ಚೆಲ್ಲಿಹೋಗುವುದಿಲ್ಲ. ಆ ನೀರನ್ನೇ ಉಣ್ಣುತ್ತೇವೆ. ಎಣ್ಣೆ ಕಡಿಮೆ, ಕಾಳು ಸೊಪ್ಪು ಧಾರಾಳ. ಇನ್ನು ರಾಗಿ. ಅದರ ಹೊಟ್ಟು ಕಾಳಿನ ಮೆತ್ತನೆಯ ಒಳತಿರುಳಿಗೆ ಬಿಗಿಯಾಗಿ ಅಂಟಿರುತ್ತದೆ, ಕಾಳು ಸಾಸಿವೆಯಷ್ಟು ಸಣ್ಣದು. ಅಕ್ಕಿಯಂತೆ ಅದನ್ನು ಪಾಲಿಶ್ ಮಾಡುವುದು ಸುಲಭವಲ್ಲ, ಹಾಗಾಗಿ ಇಡಿಯಾಗಿ ಬೀಸುವುದೇ ರೂಢಿಯಾಯಿತು. ನಾರು, ಖನಿಜಾಂಶ ಹಿಟ್ಟಿನಲ್ಲೇ ಉಳಿದವು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆರೋಗ್ಯಕರ ಅಡುಗೆ ಎಂದರೆ ಹೆಚ್ಚು ಹೊತ್ತು, ಹೆಚ್ಚು ಪಾತ್ರೆ, ಹೆಚ್ಚು ಶ್ರದ್ಧೆ ಬೇಡುವುದು ಎಂಬ ನಮ್ಮ ತಿಳಿವಳಿಕೆಯನ್ನು ಉಪ್ಸಾರು ಹಿಟ್ಟು ತಲೆಕೆಳಗು ಮಾಡುತ್ತವೆ. ಕೆಲಸ ಕಡಿಮೆ ಮಾಡಬೇಕೆಂದವರ ಕೈಯಲ್ಲೇ ಅವು ಹದಗೊಂಡದ್ದು.

ಇದಕ್ಕೆ ಒಂದು ಶರತ್ತಿತ್ತು: ಸೊಪ್ಪು ಹಿತ್ತಿಲಲ್ಲೋ ಹೊಲದ ಬದುವಿನಲ್ಲೋ ಕಾಡಂಚಿನಲ್ಲೋ ಪುಕ್ಕಟೆ ಸಿಗಬೇಕು. ಅಣ್ಣೆ, ಗಣಿಕೆ, ಕಿರಕಸಾಲೆ, ಹೊನಗೊನ್ನೆ, ನುಗ್ಗೆ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿದರೆ ಬೆರಕೆ ಸೊಪ್ಪು. ಕಳೆ ಕೀಳಲು ಹೋದವಳ ಮಡಿಲಲ್ಲಿ ರಾತ್ರಿಯ ಪಲ್ಯ ಬರುತ್ತಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡಿನ ಸೊಪ್ಪು, ಗೆಣಸು, ಜೇನಿನ ಜೊತೆಗೆ ಪೋಡಿನ ಪಕ್ಕದ ಹೊಲದ ರಾಗಿ ಇತ್ತು. ಆ ಕಾಡು 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಜಾಗ ಬದಲಿಸುತ್ತ ಬೇಸಾಯ ಮಾಡುವ ಪದ್ಧತಿ ನಿಂತಿತು, ಕಾಡಿನ ಉತ್ಪನ್ನ ತರಲು ಅಡ್ಡಿಗಳು ಬಂದವು. ಅದೇ 2011ರಲ್ಲಿ ಸೋಲಿಗರು ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕುಗಳನ್ನು ಪಡೆದುಕೊಂಡದ್ದನ್ನು ಹೋರಾಟದ ಗೆಲುವೆಂದು ಬರೆಯುತ್ತೇವೆ. ಅದು ಅಡುಗೆಯ ಚರಿತ್ರೆಯ ಪುಟವೂ ಹೌದು. ಕಳೆನಾಶಕ ಹೊಡೆದ ಹೊಲದಲ್ಲಿ ಅಣ್ಣೆ ಸೊಪ್ಪು ಹುಡುಕುವ ಹಾಗಿಲ್ಲ. ಸೊಪ್ಪನ್ನು ಕೊಂಡು ತರಬೇಕಾದ ದಿನ ಈ ಸುಲಭದ ಊಟ ಅಷ್ಟು ಸುಲಭವಾಗಿ ಉಳಿಯುವುದಿಲ್ಲ. ಮನೆಯ ಊಟ ಕೆಟ್ಟಿತು ಎಂದಾಗ ನಾವು ಮೊದಲು ನೋಡುವುದು ಅಡುಗೆ ಮಾಡುವವಳ ಮುಖ. ನೋಡಬೇಕಾದದ್ದು ಹೊಲದ ಬದುವನ್ನು.

ಹಾಗಾದರೆ ಈ ಸೀಮೆಯಲ್ಲಿ ಗಂಡಸರು ಅಡುಗೆಯನ್ನೇ ಮಾಡಲಿಲ್ಲವೇ? ಮಾಡಿದರು, ದೊಡ್ಡದಾಗಿ ಮಾಡಿದರು. ಮಂಟೇಸ್ವಾಮಿ ಪರಂಪರೆಯ ಸಿದ್ದಪ್ಪಾಜಿಯ ಗದ್ದುಗೆ ಇರುವ ಚಿಕ್ಕಲ್ಲೂರಿನ ಜಾತ್ರೆ ಚಳಿಗಾಲದ ಹುಣ್ಣಿಮೆಗೆ ಚಂದ್ರಮಂಡಲೋತ್ಸವದಿಂದ ಶುರುವಾಗಿ ಐದು ದಿನ ನಡೆಯುತ್ತದೆ. ಅದರಲ್ಲಿ ಒಂದು ದಿನ ಪಂಕ್ತಿ ಸೇವೆ. ಬಿಡಾರ ಹೂಡಿದ ಕುಟುಂಬಗಳು ಬಯಲಲ್ಲೇ ಕಲ್ಲಿಟ್ಟು ಒಲೆ ಮಾಡಿ, ಮಾಂಸದಡುಗೆ ಬೇಯಿಸಿ, ನೀಲಗಾರರಿಗೂ ನೆಂಟರಿಗೂ ಬಂದವರಿಗೂ ಬಡಿಸುತ್ತಾರೆ. ಜಾತಿಗಳು ಒಂದೇ ಸಾಲಿನಲ್ಲಿ ಕೂರುವುದನ್ನು ಗುರುವಿನ ಮಾತೆಂದು ನಂಬಿದ ಸಂಪ್ರದಾಯ ಅದು. ಮಾದಪ್ಪನ ಬೆಟ್ಟದಲ್ಲೂ ದಾಸೋಹದ ಒಲೆ ಆರುವುದಿಲ್ಲ. ಕೊಪ್ಪರಿಗೆ, ಹುಟ್ಟು, ಮಣಗಟ್ಟಲೆ ಅಕ್ಕಿಯ ಈ ಅಡುಗೆಯಲ್ಲಿ ಗಂಡಸರ ಕೈ ಮುಂದು. ಹತ್ತಾರು ಜನ ಸೇರಿ ಮಾಡುತ್ತಾರೆ, ಹಂಚಿಕೊಂಡು ಮಾಡುತ್ತಾರೆ, ಉಂಡವರು ಕೈಮುಗಿದು ಹೋಗುತ್ತಾರೆ. ಅಲ್ಲಿ ಅಡುಗೆಗೆ ಸೇವೆ ಎಂಬ ಹೆಸರಿದೆ. ಮನೆಯೊಳಗೆ ಒಬ್ಬಳೇ, ದಿನವೂ, ಹೆಸರಿಲ್ಲದೆ ಮಾಡಿದಾಗ ಅದು ಬೇಸರವಾಗುತ್ತದೆ. ಎಂದಮೇಲೆ ಬೇಸರ ಹುಟ್ಟುವುದು ಬೇಯಿಸುವ ಕ್ರಿಯೆಯಿಂದ ಅಲ್ಲ, ಅದನ್ನು ಒಬ್ಬರ ಹಣೆಗೇ ಬರೆದ ಏರ್ಪಾಟಿನಿಂದ.

ಕಳೆದ ಅರ್ಧ ಶತಮಾನದಲ್ಲಿ ಈ ಅಡುಗೆಮನೆ ಪೂರ್ತಿ ಬದಲಾಗಿದೆ. ಗಿರಣಿ ಬಂತು, ಮಿಕ್ಸಿ ಬಂತು, ಗ್ಯಾಸ್ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಬೆಸೆದು ತಂದ ಇಂಡಾಫ್ ತಳಿಗಳು ಇಳುವರಿ ಹೆಚ್ಚಿಸಿದವು. ಆದರೂ ಪಡಿತರದ ಅಕ್ಕಿ ತಟ್ಟೆಯ ಹೆಚ್ಚಿನ ಜಾಗ ಹಿಡಿಯಿತು. 2013ರ ಅನ್ನಭಾಗ್ಯದ ಹೆಸರಲ್ಲೇ ಅನ್ನವಿದೆ. ಹಸಿವು ನೀಗಿಸಿದ ಆ ಯೋಜನೆಯನ್ನು ಹಗುರವಾಗಿ ಕಾಣುವ ಹಾಗಿಲ್ಲ. ಆದರೆ ಅನ್ನ ಮಾಡುವುದು ಹಿಟ್ಟು ತೊಳಸುವುದಕ್ಕಿಂತ ಸುಲಭ ಎಂಬುದನ್ನೂ ಮರೆಯುವಂತಿಲ್ಲ. ತೋಳಿನ ಬಲ ಬೇಡುವ ಕೆಲಸ ಒಬ್ಬಳದೇ ಆಗಿರುವವರೆಗೆ, ಸುಲಭದ್ದನ್ನು ಆರಿಸಿದಳೆಂದು ಅವಳನ್ನು ದೂರುವ ಹಕ್ಕು ಉಣ್ಣಲು ಕೂತವರಿಗೆ ಇಲ್ಲ.

ಯಂತ್ರ ಬಂದರೂ ಪಾಲು ಬದಲಾಗಲಿಲ್ಲ ಎಂಬುದಕ್ಕೆ ಅಂಕಿ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಣ್ಣು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ಗಂಡು 97 ನಿಮಿಷ. ಆ 97 ನಿಮಿಷ ಕೂಡ ಮನೆಗೆಲಸಕ್ಕೆ ಕೈಹಾಕಿದ ಶೇ. 26ರಷ್ಟು ಗಂಡಸರ ಲೆಕ್ಕ, ಉಳಿದವರದು ಸೊನ್ನೆ. 2024ರ ಸಮೀಕ್ಷೆಯಲ್ಲಿ ಹೆಂಗಸರ ಹೊತ್ತು 289 ನಿಮಿಷಕ್ಕೆ ಇಳಿದಿದೆ. ಐದು ವರ್ಷದಲ್ಲಿ ಹತ್ತು ನಿಮಿಷ. ಗಂಡಸರದೂ 88ಕ್ಕೆ ಇಳಿದಿದೆ.

ಭಾರ ಇಳಿಸಿದ ಒಂದು ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಕರ್ನಾಟಕ 2002ರಲ್ಲಿ ಅಕ್ಷರ ದಾಸೋಹ ಆರಂಭಿಸಿತು. ದಾಸೋಹ ಎಂಬ ಹಳೆಯ ಹೆಸರು ಇಲ್ಲಿ ಬರಿಯ ಅಲಂಕಾರವಲ್ಲ. ಹಳ್ಳಿಯ ನೂರು ಮನೆಗಳ ಒಂದು ಹೊತ್ತಿನ ಒಲೆಯನ್ನು ಅದು ಒಂದು ಕಡೆಗೆ ತಂದಿತು. ಕೂಲಿಗೆ ಹೊರಡುವ ತಾಯಿ ಮಗುವಿನ ಮಧ್ಯಾಹ್ನದ ಬಗ್ಗೆ ಚಿಂತಿಸದೆ ಹೊರಡಬಹುದಾಯಿತು. ಆದರೆ ಅಲ್ಲಿ ಬೇಯಿಸುವವರು ಕೂಡ ಹಳ್ಳಿಯ ಹೆಂಗಸರೇ. ಅವರಿಗೆ ಸಿಗುವುದಕ್ಕೆ ಸರ್ಕಾರ ಇಟ್ಟಿರುವ ಹೆಸರು ಗೌರವಧನ, ಸಂಬಳ ಎನ್ನುವುದಿಲ್ಲ. ಮನೆಯಲ್ಲಿ ಕರ್ತವ್ಯ ಎಂದು ಕರೆದು ಮುಗಿಸಿದ್ದನ್ನು ಶಾಲೆಯಲ್ಲಿ ಗೌರವ ಎಂದು ಕರೆದು ಮುಗಿಸಲಾಗಿದೆ. ತಮ್ಮನ್ನು ಕೆಲಸಗಾರರೆಂದು ಗುರುತಿಸಿ ಎಂದು ಅವರು ಮತ್ತೆ ಮತ್ತೆ ಬೀದಿಗಿಳಿಯುವುದು ಇದಕ್ಕಾಗಿಯೇ.

ಅಡುಗೆ ಎಂದರೆ ನನಗೂ ಆಗದು. ಅದರ ಚರಿತ್ರೆಯನ್ನು ಓದುವಾಗ ಈ ಮಾತು ಬಚ್ಚಿಡಬೇಕಾದ ದೋಷವಾಗಿ ಕಾಣುವುದಿಲ್ಲ. ಈ ಸೀಮೆಯ ಹೆಂಗಸರು ತಮ್ಮ ಬೇಸರವನ್ನು ಪದವಾಗಿ ಹಾಡಿದರು, ಗಿರಣಿಯ ಕಡೆಗೆ ನಡೆದು ತೋರಿಸಿದರು, ಒಂದೇ ಮಡಕೆಯಲ್ಲಿ ಎರಡು ಪದಾರ್ಥ ಬೇಯಿಸಿ ಗೆದ್ದರು. ಅಡುಗೆಯನ್ನು ಪ್ರೀತಿಸದೆಯೂ ಮನೆಯವರ ಮೈಯನ್ನು ಚೆನ್ನಾಗಿಟ್ಟರು. ಅವರಿಂದ ಕಲಿಯಬೇಕಾದದ್ದು ಉಪ್ಸಾರು ಮಾಡುವ ಕ್ರಮ ಮಾತ್ರ ಅಲ್ಲ. ಊಟ ಒಳ್ಳೆಯದಾಗಿರಲು ಮಾಡುವವರಿಗೆ ಅದರ ಮೇಲೆ ಮೋಹ ಇರಬೇಕಾದ್ದಿಲ್ಲ. ಕ್ರಮ ಸರಳವಿರಬೇಕು, ಸೊಪ್ಪು ಕಾಳು ಕೈಗೆಟುಕಬೇಕು, ಕೆಲಸಕ್ಕೆ ಇನ್ನೊಂದು ಕೈ ಸೇರಬೇಕು. ಮೊದಲಿನದು ನಮಗೆ ಬಳುವಳಿಯಾಗಿ ಬಂದಿದೆ. ಎರಡನೆಯದು ಕೈಜಾರುತ್ತಿದೆ. ಮೂರನೆಯದು ಇನ್ನೂ ಬರಬೇಕಿದೆ.

ಅದಕ್ಕೂ ಇಲ್ಲಿ ಪರಂಪರೆಯ ಬೆಂಬಲ ಇಲ್ಲದಿಲ್ಲ. ಉಘೇ ಮಾದಪ್ಪ ಎನ್ನುತ್ತ ಏಳುಮಲೆ ಹತ್ತುವ ಗಂಡಸು ಮನೆಗೆ ಮರಳಿ ಹಿಟ್ಟಿನ ಕೋಲು ಹಿಡಿದರೆ ಸಂಪ್ರದಾಯವೇನೂ ಮುರಿಯುವುದಿಲ್ಲ. ಅವನ ದೇವರು ಬೆಟ್ಟಕ್ಕೆ ಬರುವ ಮೊದಲು ರಾಗಿ ಬೀಸುತ್ತಿದ್ದ.